ಇನ್ನೂ ಬಾರದ ಕೇಯ್ತಾ

ಸೆಗು ಊರಿನ ದೋಣಿ ದಂಡೆಯಲ್ಲಿ ನಮ್ಮ ಸಿತಾನ್ ಅತ್ತೆ ಎಲ್ಲಿ ಕೂರುತ್ತಾಳೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಮೂಗು ಎಳೆದ ಕಡೆ ನಡೆದರೆ ಸಾಕು. ಅಲಸಂದೆ ನೆನೆಸಿ, ಸಿಪ್ಪೆ ತಿಕ್ಕಿ, ಈರುಳ್ಳಿ ಮೆಣಸಿನಕಾಯಿ ಹಾಕಿ ರುಬ್ಬಿಕೊಂಡು ಬಂದು, ಬಲಾಂಜಾನ್ ಮರದ ಕೆಳಗೆ ಒಲೆ ಹೂಡಿ ವಡೆ ಬಿಡುತ್ತಾಳೆ. ಆ ಮರವೂ ಅತ್ತೆಯ ಹಾಗೆಯೇ ಹಟಮಾರಿ. ಊರಿನ ಗಿಡಮರಗಳೆಲ್ಲ ಬೋಳಾಗುವ ಸುಡುಬೇಸಿಗೆಯಲ್ಲಿ ಅದೊಂದೇ ಹಸಿರಾಗಿ ನಿಂತಿರುತ್ತದೆ. ದೋಣಿಯಿಳಿದವರು ನೆರಳಿಗೆ ಓಡುತ್ತಾರೆ, ನೆರಳಿಗೆ ಬಂದವರು ವಡೆ ತಿನ್ನುತ್ತಾರೆ. ಅತ್ತೆಯ ವ್ಯಾಪಾರದ ಗುಟ್ಟು ಇಷ್ಟೇ.

ತಮಾಷೆ ಏನೆಂದರೆ, ಅತ್ತೆ ತಾನು ಒಂದು ವಡೆಯನ್ನೂ ಬಾಯಿಗಿಡುವುದಿಲ್ಲ. ಅಲಸಂದೆ ತಿಂದರೆ ಅವಳ ಹೊಟ್ಟೆ ಸಂಜೆಯವರೆಗೆ ಡೋಲು ಬಾರಿಸುತ್ತದೆ. ಆದರೆ ಅವಳು ಕುಲಿಬಾಲಿ ಮನೆತನದವಳು. ಕುಲಿಬಾಲಿಗಳೆಂದರೆ ಅಲಸಂದೆಬಾಕರು ಎಂದು ದೇಶಕ್ಕೆಲ್ಲ ಗೊತ್ತು. ಅದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುವ ಹಕ್ಕು ಕೇಯ್ತಾ ಮನೆತನದವರದು. ಅವರಿಗೂ ನಮಗೂ ಗೇಲಿನಂಟು. ಕೇಯ್ತಾ ಸಿಕ್ಕರೆ ನಾವು ಬೈಯಬೇಕು, ಅವರು ತಿರುಗಿಸಿ ಬೈಯಬೇಕು. ಬೈಯದೆ ಹೋದರೆ ಏನೋ ಮುನಿಸಿದೆ ಎಂದರ್ಥ. ಗೇಲಿನಂಟರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎನ್ನುವಂತೆಯೂ ಇಲ್ಲ. ಆದರೆ ಈ ನಂಟಿಲ್ಲದ ಹಿರಿಯರಿಗೆ ಹಾಗೆ ಬೈದಿರೋ, ಅದು ಶುದ್ಧ ಅವಮಾನ.

ಅತ್ತೆಯ ಪಕ್ಕದಲ್ಲೇ ಹೊಗೆಮೀನಿನ ಬುಟ್ಟಿ ಇಟ್ಟುಕೊಂಡು ತೆನಿನ್ ಕೇಯ್ತಾ ಕೂರುತ್ತಾಳೆ. ಅವರ ಬೆಳಗು ಶುರುವಾಗುವುದೇ ಹೀಗೆ.

“ಏನೇ ಅಲಸಂದೆ ಮೂಟೆ, ಇನ್ನೂ ಬದುಕಿದ್ದೀಯಾ?”

“ನೀನು ನನ್ನ ಆಳು, ನಿನ್ನ ಬಿಟ್ಟು ಹೆಂಗೆ ಸಾಯ್ಲಿ? ಬಾ, ಒಲೆ ಊದು.”

“ರಾಜರ ವಂಶ ಕಣೇ ನಮ್ದು! ನಾವು ಒಲೆ ಊದ್ತೀವಾ?”

“ಓಹೋ, ರಾಜ್ರು ಮೀನು ಮಾತ್ರ ಮಾರ್ತಾರೆ!”

ಕೇಯ್ತಾಗಳ ಬಗ್ಗೆ ಅತ್ತೆಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. “ಎಲ್ಲಾ ಒಂದೇ ಅಚ್ಚಿನ ಇಟ್ಟಿಗೆ. ಎದೆ ಮುಂದೆ, ಕೈ ಹಿಂದೆ, ಜೇಬಿನ ಬಾಯಿ ಹೊಲಿದಿರುತ್ತೆ,” ಎನ್ನುತ್ತಿದ್ದಳು. ಕುಲಿಬಾಲಿಗಳಾದರೋ ಅವಳ ಪ್ರಕಾರ ಒಬ್ಬರಂತೆ ಒಬ್ಬರಿಲ್ಲ. ಒಬ್ಬ ಸೋಮಾರಿ, ಒಬ್ಬ ಸಾಧು, ಒಬ್ಬಳು ಬಾಯಿಬಡುಕಿ, ಇನ್ನೊಬ್ಬಳ ದನಿ ಕೇಳಿದವರೇ ಇಲ್ಲ. ಒಂದು ದಿನ ನಾನು ಕೆಣಕಿದೆ.

“ಅತ್ತೆ, ತೆನಿನ್ ಜಿಪುಣಿಯಾ?”

“ಛೇ, ಅವಳು ಬೇರೆ. ನಂಗೆ ಜ್ವರ ಬಂದಾಗ ಮೀನುಸಾರು ತಂದು ಕುಡಿಸಿದ್ಯಾರು?”

“ಟೈಲರ್ ಮೊರಿ ಕೇಯ್ತಾ? ಅವನಿಗೆ ಜಂಬಾನಾ?”

“ಪಾಪ, ಅವ್ನು ಹೊಲಿಗೆ ಮಿಷಿನ್ನಿಂದ ತಲೆ ಎತ್ತಿದ್ರೆ ತಾನೇ!”

“ಮೇಷ್ಟ್ರು ಕೇಯ್ತಾ?”

“ಚಿನ್ನದಂಥ ಮನುಷ್ಯ. ಅವರಮ್ಮ ನಮ್ಮ ಕುಲಿಬಾಲಿ, ಅದಕ್ಕೇ.”

“ಹಂಗಾದ್ರೆ ನೀನು ಹೇಳೋ ಆ ಕೇಯ್ತಾ ಯಾರತ್ತೆ?”

ಜಾಲರಿ ಸೌಟು ಗಾಳಿಯಲ್ಲೇ ನಿಂತಿತು. ಎಣ್ಣೆ ತೊಟ್ಟಿಕ್ಕುವಷ್ಟು ಹೊತ್ತು ಯೋಚಿಸಿದಳು.

“ಅವ್ನಿನ್ನೂ ಬಂದಿಲ್ಲ. ಬರ್ತಾನೆ, ಇರು.”

ಬಂದೇಬಿಟ್ಟ!

ದಂಡೆಗೆ ಹೊಸ ಮೇಲ್ವಿಚಾರಕರೊಬ್ಬರು ಬಂದಿದ್ದರು. ಮರದ ನೆರಳೆಲ್ಲ ಮೀನಿನವರಿಗೆ, ಒಲೆಗಳೆಲ್ಲ ರಸ್ತೆಯಂಚಿಗೆ ಎಂದು ಅವರು ಹೇಳಿದ್ದು ಅತ್ತೆಯ ಕಿವಿಗೂ ಬಿದ್ದಿತ್ತು. ಕೆಳಗೆ ಬೆಂಕಿ, ಮೇಲೆ ಬಿಸಿಲು. ಅಲ್ಲಿಯವರೆಗೆ ನಡೆದು ಯಾರು ತಾನೇ ವಡೆಗೆ ಬರುತ್ತಾರೆ? ಅತ್ತೆ ಎರಡು ದಿನದಿಂದ ಹಾಡು ಗುನುಗಿರಲಿಲ್ಲ.

ಆ ಬೆಳಿಗ್ಗೆ ಮೇಲ್ವಿಚಾರಕರು ಮರದ ಕಡೆಗೇ ಬಂದರು. ಬೂದುಬಣ್ಣದ ನಿಲುವಂಗಿ, ನರೆತ ಮೀಸೆ. ಎದೆ ಮುಂದೆ, ಕೈ ಹಿಂದೆ. ಹೆಸರು ಕೇಳುವ ಧೈರ್ಯ ನಮಗ್ಯಾರಿಗೂ ಆಗಿರಲಿಲ್ಲ. ಒಂದು ವಡೆಗೆ ಕಾಸು ಕೊಟ್ಟು, “ಮೇಲೊಂದು ಹಾಕಲ್ವೇನಮ್ಮಾ?” ಎಂದರು.

ಅತ್ತೆ ನನ್ನ ತೋಳು ಚಿವುಟಿದಳು. “ಅವನೇ ಕಣೇ! ಆ ಕೇಯ್ತಾ!”

“ಅತ್ತೆ, ಸುಮ್ನಿರು. ಮೊದ್ಲು ಹೆಸರಾದ್ರೂ ಕೇಳು.”

“ಹೆಸರ್ಯಾಕೆ? ನಡಿಗೆ ನೋಡಲ್ವಾ?” ಎಂದವಳೇ ದನಿ ಎತ್ತಿದಳು. “ಏನೋ ಕೇಯ್ತಾ, ಒಂದು ಕೊಂಡು ಎರಡು ನುಂಗೋ ಬುದ್ಧಿ ಬಿಡ್ಲಿಲ್ವಲ್ಲೋ ನಿಮ್ಮ ಜನ! ಕೈ ಯಾಕೋ ಹಿಂದಿದೆ? ಕದ್ದ ಮೀನು ಇಟ್ಕೊಂಡಿದ್ದೀಯಾ?”

ಮೇಲ್ವಿಚಾರಕರು ಕಲ್ಲಿನಂತೆ ನಿಂತರು. ಆಮೇಲೆ ಅವರ ಮೀಸೆಯ ಒಂದು ತುದಿ ಅಲುಗಿತು.

“ಎಲಾ ಅಲಸಂದೆಬಾಕಿ! ಯಜಮಾನ ಬಂದ್ರೆ ಎದ್ದು ನಿಲ್ಬೇಕು ಅಂತ ಗೊತ್ತಿಲ್ವಾ? ಮಾರೋದಕ್ಕಿಂತ ನುಂಗೋದೇ ಜಾಸ್ತಿ ಇರ್ಬೇಕು ನೀನು!”

ಅತ್ತೆಯ ಮುಖ ಅರಳಿತು. ಮಣೆ ತಳ್ಳಿದಳು, ಅವರು ಕೂತರು, ಬೈಗುಳದ ಸುರಿಮಳೆ ಶುರುವಾಯಿತು. ಅವರು “ಥೂ, ಇದನ್ನ ಮನುಷ್ಯರು ತಿಂತಾರಾ?” ಎನ್ನುವುದು, ಕೈ ವಡೆಯ ಬುಟ್ಟಿಗೆ ಹೋಗುವುದು. “ನಮ್ಮ ವಂಶದಲ್ಲಿ ಅಲಸಂದೆ ಮುಟ್ಟಿದೋರಿಲ್ಲ” ಎನ್ನುವುದು, ಇನ್ನೊಂದು ಬಾಯಿಗೆ ಹೋಗುವುದು. ತೆನಿನ್ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. “ಇದ್ಯಾವ ಸೀಮೆ ಕೇಯ್ತಾನಪ್ಪಾ,” ಎಂದು ಗೊಣಗಿದಳು.

ಅತ್ತೆ ಸಮಯ ಸಾಧಿಸಿದಳು. “ನೋಡು ಕೇಯ್ತಾ, ಗೇಲಿನಂಟಿನ ಮೇಲೆ ಕೇಳ್ತಿದ್ದೀನಿ. ಈ ನೆರಳಿಂದ ನನ್ನ ಒಲೆ ಎಬ್ಬಿಸ್ಬಾರ್ದು.”

ಮೇಲ್ವಿಚಾರಕರು ಅಗಿಯುವುದನ್ನು ನಿಲ್ಲಿಸಿದರು. ಅಷ್ಟರಲ್ಲಿ ದಡಕ್ಕೆ ಮುಟ್ಟಿದ ದೋಣಿಯಿಂದ ಅಂಬಿಗ ಕೂಗಿದ. “ಕುಲಿಬಾಲಿ! ಕ್ಷೇಮವಾ?”

“ಕ್ಷೇಮ!” ಎಂದಳು ಅತ್ತೆ.

“ಕ್ಷೇಮ!” ಎಂದರು ಮೇಲ್ವಿಚಾರಕರು, ಬಾಯ್ತುಂಬ ವಡೆ.

ಇಬ್ಬರೂ ಮುಖಮುಖ ನೋಡಿಕೊಂಡರು.

“ನಿಂಗಲ್ಲ ಸಿತಾನಕ್ಕ,” ಎಂದ ಅಂಬಿಗ, “ಜುಮಾನಾ ಕುಲಿಬಾಲಿಯವರಿಗೆ. ಮೊನ್ನೆ ನನ್ನ ದೋಣೀಲೇ ಬಂದ್ರಲ್ಲ!”

ಅತ್ತೆಯ ಸೌಟು ಎಣ್ಣೆಗೆ ಬಿತ್ತು. ತನ್ನದೇ ಮನೆತನದ ಹಿರಿಯನನ್ನು ಊರೆದುರು ಮೀನುಗಳ್ಳ ಎಂದಿದ್ದಳು! “ಅಯ್ಯೋ ಅಣ್ಣಾ, ತಪ್ಪಾಯ್ತು,” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ನನ್ನ ಬಾಯಿ ಸುಮ್ಮನಿರಬೇಕಲ್ಲ. “ಅತ್ತೆ, ನೀನು ಅಷ್ಟು ಕಾದಿದ್ದ ಕೇಯ್ತಾ ನಮ್ಮವನೇ ಆಗ್ಹೋದ್ನಲ್ಲ!”

ಜುಮಾನಾ ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ತಪ್ಪು ನಂದೂ ಇದೆ ತಂಗಿ. ಬಂದಾಗಿಂದ ಎಲ್ರೂ ಸಾಹೇಬ್ರೇ ಸಾಹೇಬ್ರೇ ಅಂತ ಮಾರುದೂರ ನಿಲ್ತಾರೆ. ಒಬ್ರೂ ಬೈದಿರ್ಲಿಲ್ಲ. ನೀನು ಬೈದ್ಮೇಲೇ ಊರಿಗೆ ಬಂದಂಗಾಯ್ತು. ಒಂಚೂರು ಹೊತ್ತು ಕೇಯ್ತಾ ಆಗೇ ಇರೋಣ ಅನ್ನಿಸ್ತು.” ಆಮೇಲೆ ನಗು ಇಳಿಯಿತು. “ಆದ್ರೆ ನೆರಳು ಕೊಡೋಕಾಗಲ್ಲ. ನಾನು ಕೇಯ್ತಾ ಆಗಿದ್ರೆ ಇಲ್ಲ ಅನ್ನೋ ಹಾಗಿರ್ಲಿಲ್ಲ. ಕುಲಿಬಾಲಿ ಕುಲಿಬಾಲಿಗೇ ಕೊಟ್ರೆ ದಂಡೆ ಜನ ಸುಮ್ನಿರ್ತಾರಾ?”

ಅದೂ ನ್ಯಾಯವೇ. ಅತ್ತೆ ಒಲೆಯಿಂದ ಕೊಳ್ಳಿ ಹೊರಗೆಳೆಯತೊಡಗಿದಳು.

ಆಗ ತೆನಿನ್ ಎದ್ದಳು. ಮಡಿಲಿನ ಮೀನಿನ ಚೂರು ಕೊಡವಿದಳು. ಎದೆ ಮುಂದೆ, ಕೈ ಹಿಂದೆ! ಅವಳು ಹಾಗೆ ನಿಂತಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

“ಏಯ್ ಅಲಸಂದೆಬಾಕ! ನಾನು ತೆನಿನ್ ಕೇಯ್ತಾ. ಅಸಲಿ ಮಾಲು. ಈಗ ನಾನು ಕೇಳ್ತಿದ್ದೀನಿ. ನನ್ನ ಆಳಿನ ಒಲೆ ಇಲ್ಲೇ ಇರ್ಬೇಕು. ಇವಳನ್ನ ಬಿಸಿಲಿಗೆ ಕಳಿಸಿದ್ರೆ ಬೆಳಗೆದ್ದು ನಾನು ಯಾರಿಗೆ ಬೈಲಿ? ಮೀನಿಗಾ?”

ಜುಮಾನಾ ಎರಡೂ ಕೈ ಎತ್ತಿಬಿಟ್ಟರು. “ಸಿಕ್ಕಾಕ್ಕೊಂಡೆ! ಕೇಯ್ತಾ ಕೇಳಿದ್ಮೇಲೆ ಮುಗೀತು. ಆದ್ರೆ ಜಾಗ ನಿನ್ನ ಪಾಲಿಂದಾನೇ ಹೋಗುತ್ತೆ. ಬುಟ್ಟಿ ಸರಿಸ್ಬೇಕು.”

“ಸರಿಸ್ತೀನಿ. ಜಿಪುಣರಲ್ವಾ ನಾವು? ಒಂದಿಷ್ಟು ಜಾಗದಲ್ಲೇ ಬದುಕ್ಕೋತೀವಿ.”

ದಂಡೆಯೆಲ್ಲ ಚಪ್ಪಾಳೆ. ಅಂಬಿಗ ಹುಟ್ಟುಗೋಲಿನಿಂದ ದೋಣಿಯನ್ನೇ ಬಡಿದ. ಅತ್ತೆ ಅಳುತ್ತಾ ನಗುತ್ತಾ ಕೊಳ್ಳಿಗಳನ್ನು ಮತ್ತೆ ಒಲೆಗೆ ತುರುಕುತ್ತಿದ್ದಳು.

“ಇರೇ, ನಿನ್ಹತ್ರಾನೂ ಒಂದು ಕೇಳೋದಿದೆ,” ಎಂದಳು ತೆನಿನ್. “ಒಂದು ವಡೆ ತಿನ್ನು. ಇಲ್ಲೇ, ಎಲ್ರೆದುರಿಗೆ.”

“ಬ್ಯಾಡ್ವೇ ತೆನಿನ್! ನನ್ನ ಹೊಟ್ಟೆ ನಿಂಗೊತ್ತಲ್ಲ!”

“ಗೇಲಿನಂಟಿನ ಮೇಲೆ ಕೇಳ್ತಿದ್ದೀನಿ. ಇಲ್ಲ ಅಂತೀಯಾ?”

ಅನ್ನುವಂತಿಲ್ಲವಲ್ಲ. ಅತ್ತೆ ಕಣ್ಣುಮುಚ್ಚಿ, ಔಷಧಿ ನುಂಗುವ ಮಗುವಿನ ಹಾಗೆ ಇಡೀ ವಡೆ ತಿಂದಳು. ತಿಂದು ಬೆರಳನ್ನೂ ನೆಕ್ಕಿದಳು, ಅದನ್ನು ನಾನೇ ನೋಡಿದೆ.

ಸಂಜೆಯವರೆಗೂ ಅವಳ ಹೊಟ್ಟೆ ಗುಡುಗಿತು. ಒಂದೊಂದು ಗುಡುಗಿಗೂ ತೆನಿನ್ ತನ್ನ ಇಕ್ಕಟ್ಟಿನ ಜಾಗದಿಂದ ಕತ್ತು ಚಾಚಿ ಗಿರಾಕಿಗಳಿಗೆಲ್ಲ ಕೂಗಿ ಹೇಳುತ್ತಿದ್ದಳು:

“ಕೇಳಿಸ್ತಾ? ಕುಲಿಬಾಲಿಗಳೆಲ್ಲಾ ಒಂದೇ ಕಣ್ರೀ!”