ಮೊದಲು ಬಾಯಿ ನೋಡಿದವಳು

ಬಂಡೆಮ್ಮ ನಮ್ಮ ಮನೆಗೆ ಬಂದದ್ದು ಅವಳ ಮೊಣಕಾಲು ಕೈಕೊಟ್ಟ ಮೇಲೆ. ಸೇಡಂ ಕಡೆಯವಳು. ಇಪ್ಪತ್ತು ವರ್ಷ ಈ ನಗರದ ಲಿಂಗಂಪಲ್ಲಿಯ ಸುತ್ತಮುತ್ತ ಕಟ್ಟಡ ಕೆಲಸದಲ್ಲಿ ಇಟ್ಟಿಗೆ ಹೊತ್ತಿದ್ದಳು. ಇನ್ನು ಆಗದು ಎಂದಾಗ, ತಾನೇ ಇಟ್ಟಿಗೆ ಹೊತ್ತ ಗಚ್ಚಿಬೌಲಿಯ ಈ ಅಪಾರ್ಟ್‌ಮೆಂಟಿಗೆ ನನ್ನ ಅತ್ತೆ ಸುಭದ್ರಮ್ಮನನ್ನು ನೋಡಿಕೊಳ್ಳಲು ಬಂದಳು. "ಈ ಗ್ವಾಡಿ ಏಳೂತನಾ ನಾನ ಇಲ್ಲೇ ಇದ್ನಿರಿ" ಎಂದು ಗೋಡೆ ತಟ್ಟಿ ಹೇಳುತ್ತಿದ್ದಳು, ನಾವೇನೋ ಅವಳ ಬಾಡಿಗೆದಾರರು ಎಂಬಂತೆ.

ಅವಳ ಸೊಂಟದಲ್ಲಿ ಸದಾ ಒಂದು ತಗಡಿನ ಡಬ್ಬಿ. ಅದರಲ್ಲಿ ಸುಟ್ಟ ತಂಬಾಕಿನ ಪುಡಿ. ಬೆಳಿಗ್ಗೆ, ಊಟವಾದ ಮೇಲೆ, ಬೇಸರವಾದಾಗ ಒಸಡಿಗೆ ತಿಕ್ಕುವಳು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೇಳಿ ಹೇಳಿ ನನ್ನ ಬಾಯಿ ನೋಯಿತೇ ಹೊರತು ಡಬ್ಬಿ ಹೋಗಲಿಲ್ಲ.

ಅತ್ತೆಗೆ ಎರಡು ವರ್ಷದಿಂದ ಮರೆವು. ಬಂಡೆಮ್ಮನನ್ನು ತೀರಿಹೋದ ತಂಗಿ ಗಂಗಾ ಎಂದೇ ತಿಳಿದಿದ್ದರು. ಇವಳೂ "ಹೂಂ ಅಕ್ಕಾ" ಎಂದು ಓಗೊಡುತ್ತಿದ್ದಳು. ಆದರೆ ಈ ಆಷಾಢದಲ್ಲಿ ಹತ್ತೇ ದಿನಕ್ಕೆ ಎಲ್ಲ ಕೈಮೀರಿತು. ಅತ್ತೆ ಅನ್ನ ಉಗುಳಿದರು, ತಟ್ಟೆ ಎಸೆದರು, ಮಗನನ್ನೇ ಕಳ್ಳನೆಂದು ಬಾಗಿಲಾಚೆ ನೂಕಿದರು. ನನ್ನ ಗಂಡ ಪವನ ಮೆಹದಿಪಟ್ಟಣಂ ಹತ್ತಿರದ ವೃದ್ಧಾಶ್ರಮವೊಂದರಲ್ಲಿ ಕೋಣೆ ಗೊತ್ತುಮಾಡಿದ. ಸೋಮವಾರ ಬಿಟ್ಟುಬರುವುದೆಂದಾಯಿತು.

ಶನಿವಾರ ಬಂಡೆಮ್ಮ ಅಡುಗೆಮನೆಗೆ ಬಂದು ನಿಂತಳು.

"ಅಕ್ಕೋರೆ, ಅಮ್ಮಾರ ಬಾಯಾಗ ಏನೋ ಆಗೇತ್ರಿ. ಒಂದ ಮಗ್ಗಲಿಗೆ ಅಗೀತಾರ, ಆಮ್ಯಾಲೆ ಉಗುಳ್ತಾರ. ನಮ್ಮ ಕಡೆ ಎತ್ತು ಮೇವು ಬಿಟ್ಟರ ಮೊದಲ ಬಾಯಿ ತೆರೆದು ನೋಡ್ತಾರ."

"ಅವರೇನ್ ಎತ್ತೇನ ಬಂಡೆಮ್ಮ?" ಎಂದು ರೇಗಿದೆ. ಕೆಲಸ ಹೋಗುತ್ತದೆಂದು ಹೂಡಿದ ಆಟ ಎಂದುಕೊಂಡೆ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಅವಳು ನೆಟ್ಟಗೆ ಅತ್ತೆಯ ಕೋಣೆಗೆ ಹೋದಳು. ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಆ ಅನ್ನು ಅಕ್ಕಾ, ಗಂಗಾ ಬಂದೀನಿ" ಎಂದು ರಮಿಸಿ ಬಾಯಿ ತೆರೆಸಿದಳು. ಹಿಂದೆಯೇ ಬಂದ ನಾನು ಮೊಬೈಲ್ ಬೆಳಕು ಬಿಟ್ಟೆ. ದವಡೆ ಹಲ್ಲಿನ ಬುಡ ಊದಿ ಕೀವು ತುಂಬಿತ್ತು. ವಾಸನೆಗೆ ನಾನು ಹಿಂದೆ ಸರಿದೆ. ಅವಳು ಸರಿಯಲಿಲ್ಲ.

ಹಲ್ಲಿನ ಡಾಕ್ಟರು ಅಂದೇ ಕೀವು ತೆಗೆದರು, ಆಮೇಲೆ ಹಲ್ಲು ಕಿತ್ತರು. ಈ ವಯಸ್ಸಿನಲ್ಲಿ ಬಾಯಿಯ ಕೀವು ಬುದ್ಧಿಯನ್ನೇ ಕದಡಬಲ್ಲದು, ಹಳೆಯ ಮರೆವು ಮಾತ್ರ ಹೋಗದು ಎಂದರು. ಬಹುಕಾಲ ಒಸಡು ಕೆಟ್ಟವರಲ್ಲಿ ಮರೆವು ಹೆಚ್ಚು ಕಾಣುತ್ತದಂತೆ. ಯಾಕೆಂದು ಇನ್ನೂ ಖಚಿತವಿಲ್ಲವಂತೆ. ಬಂಡೆಮ್ಮನ ಕಪ್ಪು ಒಸಡು ಕಂಡು, "ನೀನೂ ಬಂದು ತೋರಿಸು" ಎಂದರು.

ಸೋಮವಾರದ ಮಾತು ಮುಂದೆ ಹೋಯಿತು. ವಾರದೊಳಗೆ ಅತ್ತೆ ಅನ್ನ ಉಂಡರು, ಮಗನನ್ನು ಮಗ ಎಂದರು. ಪವನ ಕೋಣೆ ಬೇಡವೆಂದು ಫೋನ್ ಮಾಡಿದ. ಬಂಡೆಮ್ಮ ಮಾತ್ರ ಗಂಗಾ ಆಗಿಯೇ ಉಳಿದಳು. ಡಬ್ಬಿಯೂ ಉಳಿಯಿತು.

"ಒಸಡು ಕೆಟ್ಟರ ತಲಿನೂ ಕೆಡಬಹುದಂತ, ಕೇಳಿಲ್ಲೇನ?" ಎಂದು ಅತ್ತೆಯ ಎದುರೇ ಅವಳಿಗೆ ದಿನಾ ಬೈಯುತ್ತಿದ್ದೆ.

"ನನ್ನ ತಲಿಯಿಂದ ಯಾರಿಗೇನ ಆಗಬೇಕಾಗೇತ್ರಿ" ಎಂದು ಅವಳು ನಗುತ್ತಿದ್ದಳು.

ಒಂದು ಬೆಳಿಗ್ಗೆ ಬಾಲ್ಕನಿಗೆ ಹೋದೆ. ಅತ್ತೆ ತಗಡಿನ ಡಬ್ಬಿಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದರು. ಒಂದು ಕೈಯಲ್ಲಿ ಪೇಸ್ಟ್ ಹಚ್ಚಿದ ಹೊಸ ಬ್ರಶ್ಶು, ಇನ್ನೊಂದರಲ್ಲಿ ಬಂಡೆಮ್ಮನ ಗದ್ದ.

"ಬಾಯಿ ತೆಗಿ ಬಂಡೆಮ್ಮ," ಎಂದರು. "ನಿನ್ನ ತಲಿ ಕೆಟ್ಟರ ನನ್ನ ಯಾರು ನೋಡಬೇಕು?"

ತನ್ನ ಹೆಸರು ಕೇಳಿ ಬಂಡೆಮ್ಮ ನನ್ನ ಕಡೆ ನೋಡಿದಳು. ಕಣ್ಣು ತುಂಬಿತ್ತು. ಬಾಯಿ ತೆರೆದಳು.