ಪ್ಲಸ್ ಕಡೆ ತಿರುಗಿಸಿ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹೊಸನಗರದ ಹತ್ತಿರದ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ಮುಂಬಯಿಯಲ್ಲಿ ಕೆಲಸಕ್ಕಿದ್ದ ಅಣ್ಣ ಒಮ್ಮೆ ರಜೆಗೆ ಬಂದವನು ತನ್ನ ಕ್ಯಾಮೆರಾವನ್ನು ನನಗೇ ಬಿಟ್ಟುಹೋದ. ಬೆಳಕನ್ನು ತಾನೇ ಅಳೆದುಕೊಳ್ಳುವ ಕ್ಯಾಮೆರಾ. "ನೀನು ಎಂತದೂ ಮಾಡೋದ್ ಬ್ಯಾಡ. ನೋಡಿ ಒತ್ತಿದ್ರೆ ಆತು" ಎಂದಿದ್ದ. ಆ ಮಾತನ್ನು ನಾನು ಪೂರ್ತಿ ನಂಬಿದೆ. ಹಾಗೆ ನಂಬುವುದು ನನ್ನ ಸ್ವಭಾವವಲ್ಲ. ಹಾಲು ತಂದವಳ ಎದುರೇ ಬೆರಳು ಅದ್ದಿ ನೋಡುತ್ತಿದ್ದವಳು ನಾನು.

ಜನವರಿಯಲ್ಲಿ ಧ್ವಜಾರೋಹಣಕ್ಕೆಂದು ಶಾಲೆಯ ಗೋಡೆಗೆ ಸುಣ್ಣ ಹೊಡೆಸಿದ್ದರು. ಬಿಳಿ ಅಂಗಿಯ ಮಕ್ಕಳನ್ನು ಆ ಗೋಡೆಗೆ ಒರಗಿಸಿ ನಿಲ್ಲಿಸಿ, ಕಣ್ಣು ಬಿಡಲಾಗದ ಬಿಸಿಲಿನಲ್ಲಿ ಒಂದು ಇಡೀ ರೋಲು ತೆಗೆದೆ. ತೊಳೆಸಲು ಸಾಗರದ ಸ್ಟುಡಿಯೋಕ್ಕೆ ಕೊಟ್ಟೆ. ಪ್ರತಿವರ್ಷ ನಮ್ಮ ಶಾಲೆಯ ಗ್ರೂಪ್ ಫೋಟೊ ತೆಗೆಯಲು ಬರುತ್ತಿದ್ದವರೂ ಆ ಸ್ಟುಡಿಯೋದವರೇ. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದ, ಮಾತು ಕಡಿಮೆಯ ಮನುಷ್ಯ.

ವಾರದ ಮೇಲೆ ಹೋಗಿ ಕವರು ಬಿಚ್ಚಿದರೆ, ಸುಣ್ಣದ ಗೋಡೆ ಒಲೆಬೂದಿಯ ಬಣ್ಣಕ್ಕಿತ್ತು. ಮಕ್ಕಳ ಮುಖಗಳಲ್ಲಿ ಕಣ್ಣೆಲ್ಲಿ, ಮೂಗೆಲ್ಲಿ ಎಂದು ಹುಡುಕಬೇಕಿತ್ತು.

"ಎಂತ ಮಾಡಿದ್ರಿ ಇದನ್ನ?" ಎಂದೆ.

"ಹಾಳಾಗಿದ್ದು ತೊಳೆಯೋದ್ರಲ್ಲಿ ಅಲ್ಲ ಅಕ್ಕೋರೆ, ತೆಗೆಯೋದ್ರಲ್ಲಿ." ಅವರು ನೆಗೆಟಿವ್ ಪಟ್ಟಿಯನ್ನು ಕಿಟಕಿಗೆ ಹಿಡಿದರು. "ಮುಖ ಇರೋ ಜಾಗ ನೋಡಿ, ಬರೀ ಗಾಜು, ಫಿಲ್ಮಿಗೆ ಬೆಳಕೇ ಬಿದ್ದಿಲ್ಲ. ಎದುರಿಗೆ ಎಲ್ಲಾ ಬೆಳ್ಳಗಿದ್ರೆ ಕ್ಯಾಮೆರಾ ಮೋಸ ಹೋಗುತ್ತೆ. ಬೆಳಕು ಜಾಸ್ತಿ ಆತು ಅಂತ ತಾನೇ ಕಡಿಮೆ ಮಾಡ್ಕಳುತ್ತೆ." ನನ್ನ ಹೆಗಲಿನಲ್ಲಿದ್ದ ಕ್ಯಾಮೆರಾದ ಮೇಲೆ ಬೆರಳಿಟ್ಟರು. "ಈ ಚಕ್ರ ಉಂಟಲ, ಇದನ್ನ ಪ್ಲಸ್ ಕಡೆ ತಿರುಗಿಸಿ ತೆಗೀರಿ."

"ಅಂಥಾ ಬಿಸಿಲಲ್ಲಿ ಇನ್ನೂ ಬೆಳಕು ಕೊಡ್ಬೇಕಾ?"

"ಹೌದು. ಬಿಳಿ ಹೆಚ್ಚಿದ್ದಷ್ಟೂ ಕೊಡ್ಬೇಕು."

ಇದು ಸುಳ್ಳೆಂದು ನನಗೆ ಅಲ್ಲಿಗೇ ಖಾತ್ರಿಯಾಯಿತು. ಬಿಸಿಲಿಗೆ ಬೆಳಕು ಸಾಲದು ಎನ್ನುವುದು ಯಾವ ಲೆಕ್ಕ? ಮುಂಬಯಿಯ ಕ್ಯಾಮೆರಾ ಮೋಸ ಹೋಗುತ್ತದಂತೆ, ಇವರು ಮಾತ್ರ ಹೋಗುವುದಿಲ್ಲವಂತೆ. ಒಳಗಿನ ಕತ್ತಲೆಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಲ್ಲಿ ಫಿಲ್ಮ್ ತೊಳೆಯುವ, ಕಂದು ಬಣ್ಣಕ್ಕೆ ತಿರುಗಿದ ದ್ರಾವಣದ ಬಾಟಲಿ ಕಂಡಿತು. ಔಷಧಿ ಹಳೆಯದು, ಅದನ್ನು ಮುಚ್ಚಿಡಲು ಈ ಪಾಠ ಎಂದುಕೊಂಡೆ. ಬಸ್ಸಿನಲ್ಲಿ ಹೊಸನಗರ ತಲುಪುವಷ್ಟರಲ್ಲಿ ಆ ಅಂದಾಜು ಸತ್ಯವೇ ಆಗಿಬಿಟ್ಟಿತ್ತು.

ಮರುದಿನ ಸ್ಟಾಫ್ ರೂಮಿನಲ್ಲಿ ಫೋಟೊ ಹರಡಿ ಎಲ್ಲರಿಗೂ ಅದನ್ನೇ ಹೇಳಿದೆ. ಒಬ್ಬರು ತಮ್ಮ ತಂಗಿಯ ಮದುವೆಯ ಫೋಟೊ ಕೂಡ ಮಸುಕಾಗಿದ್ದದ್ದು ನೆನಪು ಮಾಡಿಕೊಂಡರು. ಹೆಡ್‌ಮಾಸ್ತರು ಕೇಳಿಸಿಕೊಂಡು, "ಹಂಗಾದ್ರೆ ಈ ಸಲ ಗ್ರೂಪ್ ಫೋಟೊಕ್ಕೆ ಅವ್ರು ಬ್ಯಾಡ. ಬೇರೆಯವ್ರನ್ನ ನೋಡ್ತೀನಿ" ಎಂದರು. ನಾನು ಬೇಡವೆನ್ನಲಿಲ್ಲ. ಸ್ವಲ್ಪ ಸಮಾಧಾನವೇ ಆಯಿತು ಎಂದು ಈಗ ಒಪ್ಪಿಕೊಳ್ಳಬೇಕು.

ಆದರೂ ಸಾಕ್ಷಿ ಇಲ್ಲದೆ ಬಿಡಲು ಮನಸ್ಸಿರಲಿಲ್ಲ. ಹೊಸ ರೋಲು ಹಾಕಿ, ಅದೇ ಗೋಡೆಯೆದುರು ಹೊಲಿಗೆ ಟೀಚರನ್ನು ಬಿಳಿ ಸೀರೆಯುಡಿಸಿ, ನಾಲ್ಕೈದು ಮಕ್ಕಳೊಂದಿಗೆ ನಿಲ್ಲಿಸಿದೆ. ಪ್ರತಿ ಭಂಗಿಗೂ ಎರಡು ಸಲ ಒತ್ತಿದೆ: ಒಮ್ಮೆ ಚಕ್ರ ಸೊನ್ನೆಯಲ್ಲಿ, ಒಮ್ಮೆ ಪ್ಲಸ್ ಎರಡರಲ್ಲಿ. ಯಾವುದು ಯಾವುದೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. "ಇಷ್ಟೆಲ್ಲ ಯಾಕ್ರೀ?" ಎಂದು ಹೊಲಿಗೆ ಟೀಚರು ಬಿಸಿಲಿಗೆ ಬೇಸತ್ತು ಕೇಳಿದರು. "ಒಬ್ರ ಸುಳ್ಳು ಹಿಡಿಯಕ್ಕೆ" ಎಂದೆ.

ರೋಲನ್ನು ಸಾಗರಕ್ಕೆ ಕೊಡಲಿಲ್ಲ. ತೀರ್ಥಹಳ್ಳಿಯ ಚಿಕ್ಕಮ್ಮನ ಮನೆಗೆ ಹೋದಾಗ ಅಲ್ಲಿ ನನ್ನ ಗುರುತಿಲ್ಲದ ಒಂದು ಸ್ಟುಡಿಯೋಕ್ಕೆ ಕೊಟ್ಟು, "ಎಲ್ಲಾನೂ ಒಂದೇ ಹದಕ್ಕೆ ಪ್ರಿಂಟ್ ಹಾಕಿ. ಎಂತದೂ ಸರಿ ಮಾಡಕ್ಕೆ ಹೋಗ್ಬೇಡಿ" ಎಂದೆ.

ಎರಡು ದಿನದ ಮೇಲೆ ಹೋದಾಗ ಆ ಸ್ಟುಡಿಯೋದವನು ನಗುತ್ತಿದ್ದ. "ಇದನ್ನ ಇಬ್ರು ತೆಗ್ದಿದ್ರಾ? ಒಂದು ಬಿಟ್ಟು ಒಂದು ಕಪ್ಪು ಬಂದಿದೆ."

ಚಿಕ್ಕಮ್ಮನ ಮನೆಯ ಚಾಪೆಯ ಮೇಲೆ ಫೋಟೊಗಳನ್ನು ಜೋಡಿಸಿ ನೋಟ್‌ಬುಕ್ ತೆರೆದೆ. ಸೊನ್ನೆಯದೆಲ್ಲ ಬೂದಿ. ಪ್ಲಸ್ಸಿನದರಲ್ಲಿ ಗೋಡೆ ಗೋಡೆಯಾಗಿತ್ತು, ಹೊಲಿಗೆ ಟೀಚರ ಮೂಗುತಿಯೂ ಕಾಣುತ್ತಿತ್ತು. ಒಂದೂ ತಪ್ಪಿರಲಿಲ್ಲ. ಆಗಲೂ ನನ್ನ ಬುದ್ಧಿ ಸುಮ್ಮನಾಗಲಿಲ್ಲ. ಇವನಿಗೂ ಸಾಗರದವರಿಗೂ ಪರಿಚಯವಿದ್ದರೆ? ಆದರೆ ನೋಟ್‌ಬುಕ್ ನನ್ನ ಚೀಲ ಬಿಟ್ಟು ಹೊರಗೆ ಬಂದಿರಲಿಲ್ಲವಲ್ಲ. ಅಷ್ಟು ಯೋಚಿಸಿದ ಮೇಲೆ ನನಗೇ ನಾಚಿಕೆಯಾಯಿತು.

ಹೆಡ್‌ಮಾಸ್ತರಿಗೆ ಹೇಳಿದೆ. ಅವರು ಮುಖ ಗಂಟಿಕ್ಕಿದರು. "ಈಗ ಹೇಳ್ತೀರಲ ಅಕ್ಕೋರೆ. ಬೇರೆಯವ್ರಿಗೆ ಮಾತು ಕೊಟ್ಟಾಯ್ತು."

ಮುಂದಿನ ಭಾನುವಾರ ಸಾಗರಕ್ಕೆ ಹೋದೆ. ಅವರು ಯಾರದ್ದೋ ಫೋಟೊದ ಅಂಚು ಕತ್ತರಿಸುತ್ತಿದ್ದರು.

"ನೀವು ಹೇಳಿದ್ದೇ ಸರಿ. ಪ್ಲಸ್ ಎರಡಕ್ಕಿಟ್ಟು ತೆಗ್ದು ನೋಡ್ದೆ. ನಾನು ಶಾಲೇಲಿ ಏನೇನೋ ಹೇಳ್ಬಿಟ್ಟೆ" ಎಂದೆ.

"ಔಷಧಿ ಹಳೇದು ಅಂದ್ರಂತೆ."

"ಹೌದು. ತಪ್ಪಾಯ್ತು."

ಅವರು ನನ್ನ ಹೊಸ ರೋಲಿನ ನೆಗೆಟಿವ್ ಇಸಿದುಕೊಂಡು, ಕನ್ನಡಕ ಏರಿಸಿ, ಕಿಟಕಿಯ ಹತ್ತಿರ ಬಹಳ ಹೊತ್ತು ನೋಡಿದರು. "ಎರಡು ಸ್ವಲ್ಪ ಜಾಸ್ತಿ ಆತು. ಒಂದೂವರೆ ಸಾಕಿತ್ತು" ಎಂದಷ್ಟೇ ಹೇಳಿ ಹಿಂತಿರುಗಿಸಿದರು.

ಅವರನ್ನು ಗ್ರೂಪ್ ಫೋಟೊಕ್ಕೆ ಮತ್ತೆ ಕರೆಸಲು ನನಗೆ ಎರಡು ವರ್ಷ ಬೇಕಾಯಿತು. ನನ್ನ ರೋಲುಗಳನ್ನೆಲ್ಲ ಅವರಿಗೇ ಕೊಡುತ್ತಿದ್ದೆ. ಬಿಳಿ ಹೆಚ್ಚಿದ್ದಲ್ಲಿ ಚಕ್ರ ತಿರುಗಿಸುವುದನ್ನೂ, ಕಪ್ಪು ಕಂಬಳಿಯಂಥದ್ದು ಎದುರಿಗಿದ್ದರೆ ಮೈನಸ್ಸಿಗೆ ತರುವುದನ್ನೂ ಅವರೇ ಕಲಿಸಿದರು. ಆದರೆ ಬೇರೆ ಗಿರಾಕಿಗಳಿಗೆ ಮಾಡದ ಒಂದು ಕೆಲಸವನ್ನು ನನಗೆ ಮಾತ್ರ ಮಾಡುತ್ತಿದ್ದರು. ತೊಳೆದ ರೋಲನ್ನು ಪ್ರಿಂಟ್ ಹಾಕುವ ಮೊದಲು ನಾನು ಬರುವವರೆಗೆ ಕಾಯ್ದಿರಿಸಿ, ಒಂದೊಂದೇ ನೆಗೆಟಿವನ್ನು ಬೆಳಕಿಗೆ ಹಿಡಿದು, "ಸರಿಯಾಗಿ ನೋಡ್ಕಳಿ, ಆಮೇಲೆ ಮಾತು ಬ್ಯಾಡ" ಎನ್ನುತ್ತಿದ್ದರು. ನಾನು ಸರಿ ಎನ್ನುವವರೆಗೂ ಹಿಡಿದ ಕೈ ಇಳಿಸುತ್ತಿರಲಿಲ್ಲ.