ಕಾಕಾನ ಮೂರು ಬಾಣಗಳು

ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಆರೂವರೆಗೆ ನಾನು ಗರಾಜಿನ ಒಂದು ಕಪಾಟನ್ನು ಶುಚಿ ಮಾಡುತ್ತೇನೆ. ಒಂದೇ ಕಪಾಟು, ಅರ್ಧ ಗಂಟೆ. ಈ ಸಲ ಕೆಳಗಿನ ಖಾನೆಯಲ್ಲಿ ಬೆರಳುದ್ದದ ಮೇಣದ ಕಡ್ಡಿಯೊಂದು ಸಿಕ್ಕಿತು. ಬಿಲ್ಲಿನ ಹೆದೆಗೆ ಉಜ್ಜುವ ಮೇಣ. ಮುಚ್ಚಳ ತೆಗೆದರೆ ಹಳೆಯ ಜೇನುಗೂಡಿನ ವಾಸನೆ, ಅದರ ಹಿಂದೆಯೇ ತುಸು ಎಣ್ಣೆಯ ಕಮಟು… ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಆ ದಿನ ಕಪಾಟು ಅರ್ಧಕ್ಕೇ ನಿಂತಿತು.

ಎಂಬತ್ತರ ದಶಕದ ನಡುವಿನಲ್ಲಿ ನಾವು ಯೂನಿಯನ್ ಸಿಟಿಯಲ್ಲಿದ್ದೆವು. ಪಕ್ಕದ ಮನೆಯವರು ಹುಬ್ಬಳ್ಳಿ ಕಡೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಯಂತ್ರದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ. ಸುತ್ತಲಿನ ಕನ್ನಡದ ಮನೆಗಳಿಗೆಲ್ಲ ಅವರು ಕಾಕಾ. ಮೈಸೂರಿನ ನನಗೂ ಕಾಕಾ. ಅಜ್ಜನ ಜೊತೆ ಕವಣೆ ಹಿಡಿದು ಕೌಜುಗ ಹೊಡೆದು ಬೆಳೆದವರು. ಇಲ್ಲಿ ಕಾರ್ಖಾನೆಯ ಗೆಳೆಯನೊಬ್ಬನಿಂದ ಬಿಲ್ಲು ಕಲಿತು, ಪ್ರತಿ ಬೇಸಿಗೆ ಗಿಲ್‌ರಾಯ್ ಆಚೆಯ ಗುಡ್ಡಗಳಿಗೆ ಜಿಂಕೆ ಬೇಟೆಗೆ ಹೋಗುತ್ತಿದ್ದರು. ನಮ್ಮ ಜನರಲ್ಲಿ ಬೇರೆ ಯಾರೂ ಆ ಹಾದಿ ಹಿಡಿದವರಲ್ಲ.

ನಾನು ಐದು ಗಂಟೆಯ ಬೆಲ್ಲಿಗೆ ಏಳುವ ಹಾಸ್ಟೆಲಿನಲ್ಲಿ ಓದಿದವನು. ಆಫೀಸಿನಲ್ಲಿ ನನ್ನದು ಅಳೆದು, ಬರೆದು, ತಪ್ಪು ಹುಡುಕುವ ಕೆಲಸ. ಬಿಲ್ಲು ಕಲಿಸಲು ಕಾಕಾಗೆ ಅಂಥವನೇ ಬೇಕಿತ್ತು. ಶನಿವಾರ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಗುಡ್ಡದ ಬುಡದ ಬಾಣದ ಮೈದಾನದಲ್ಲಿರುತ್ತಿದ್ದೆವು. ಮೊದಲು ಮರದ ಚೌಕಟ್ಟಿಗೆ ಊರಿನಿಂದ ಅಂಚೆಯಲ್ಲಿ ಬಂದು ಎಲ್ಲರೂ ಓದಿ ಮುಗಿಸಿದ ಕನ್ನಡ ಪೇಪರು ಕಟ್ಟಿ, ಆರು ಹೆಜ್ಜೆಯಿಂದ ಅದರ ಮೂಲಕ ಬಾಣ ಬಿಡಬೇಕು. ತೂತು ದುಂಡಗೆ ಬಿದ್ದರೆ ಬಾಣ ನೇರ ಹೋಗುತ್ತಿದೆ. ಉದ್ದಕ್ಕೆ ಹರಿದರೆ ಬಾಣ ಓರೆಯಾಗಿ ಹೋಗುತ್ತಿದೆ. ಹೆದೆಯಲ್ಲಿ ಬಾಣ ಕೂರುವ ಜಾಗವನ್ನು ಕೂದಲೆಳೆಯಷ್ಟು ಸರಿಸಬೇಕು. ಮತ್ತೆ ಪೇಪರು, ಮತ್ತೆ ಬಾಣ. ಬಿಲ್ಲು ಸರಿಹೋದ ಮೇಲೆಯೇ ಪಿನ್ನಿನ ಕೆಲಸ. ಬಿಲ್ಲಿನ ಮೇಲೆ ಗುರಿ ಹಿಡಿಯಲೆಂದು ಇರುವ ಸಣ್ಣ ಹಿತ್ತಾಳೆ ಪಿನ್ನು ಅದು.

ಅಲ್ಲಿ ನಾನು ಮೊದಲ ದಿನವೇ ಎಡವಿದೆ. ಬಾಣ ಎಡಕ್ಕೆ ಬಿತ್ತು. ತಪ್ಪನ್ನು ತಿದ್ದಬೇಕೆಂದು ಪಿನ್ನನ್ನು ಬಲಕ್ಕೆ ಸರಿಸಿದೆ. ಮುಂದಿನ ಬಾಣ ಗುರಿಗೆಂದು ಇಟ್ಟಿದ್ದ ಹುಲ್ಲಿನ ಪಿಂಡಿಯನ್ನೇ ಬಿಟ್ಟು ಹೋಯಿತು.

"ಏ ಇಂಜಿನಿಯರ್! ಬಾಣ ಎತ್ತ ಹೋತೋ ಪಿನ್ನು ಅತ್ತ ಸರಸ್ಬೇಕು. ಇಷ್ಟೂ ಕಲಿಸ್ಲಿಲ್ಲೇನು ನಿಮ್ಮ ಕಾಲೇಜ್ನಾಗ?"

ಕಾಕಾನ ನಾಲಗೆಗೆ ಕರುಣೆಯಿರಲಿಲ್ಲ. ಯುಗಾದಿ ಊಟಕ್ಕೆ ಬಂದಿದ್ದವರ ಮುಂದೆ, ಹಿತ್ತಲಲ್ಲಿ, ನನ್ನ ಕೈಗೆ ಬಿಲ್ಲು ಕೊಟ್ಟು ಪೂರ್ತಿ ಎಳೆದು ಹಿಡಿಯಲು ಹೇಳಿದರು. "ಬಿಡಬ್ಯಾಡ… ಬಿಡಬ್ಯಾಡ…" ಎನ್ನುತ್ತಲೇ ಇದ್ದರು. ನನ್ನ ತೋಳು ನಡುಗತೊಡಗಿತು. "ನೋಡ್ರಿ ನೋಡ್ರಿ! ಇದೇನ್ ಕೈಯೋ ಮೈಸೂರ್ ಪಾಕೋ? ಮುಟ್ಟಿದ್ರ ಪುಡಿ ಆಗ್ತದ!" ಎಲ್ಲರೂ ನಕ್ಕರು. ನನ್ನ ಹೆಂಡತಿಯೂ ನಕ್ಕಳು.

ಅವರದೊಂದು ನಿಯಮವಿತ್ತು. ಬೇಟೆಗೆ ಹೋಗುವ ಒಂದು ವಾರ ಮೊದಲು, ಇಪ್ಪತ್ತೈದು ಹೆಜ್ಜೆಯಿಂದ, ಊಟದ ಪೇಪರ್ ಪ್ಲೇಟಿನೊಳಗೆ ಮೂರಕ್ಕೆ ಮೂರು ಬಾಣ ಬೀಳಬೇಕು. ಒಂದು ಹೊರಗೆ ಬಿದ್ದರೂ ಆ ವರ್ಷ ಬೇಟೆಯಿಲ್ಲ. ಗಾಯಗೊಂಡ ಜಿಂಕೆ ಪೊದೆಯೊಳಗೆ ಎರಡು ದಿನ ನರಳಿ ಸಾಯಬಾರದು ಎಂಬುದು ಕಾರಣ. ಒಬ್ಬನ ಬಾಣವನ್ನು ಇನ್ನೊಬ್ಬ ಎಣಿಸಬೇಕು. ತನ್ನದನ್ನು ತಾನೇ ಎಣಿಸುವಂತಿಲ್ಲ. ನಿಯಮ ನನಗೆ ಹಿಡಿಸಿತ್ತು.

ಮೊದಲ ವರ್ಷ ನನ್ನ ಎರಡು ಬಾಣ ಒಳಗೆ. ಮೂರನೆಯದು ಅಂಚಿಗೆ ತಗುಲಿಕೊಂಡಂತೆ ನಿಂತಿತ್ತು. ಕಾಕಾ ಬಗ್ಗಿ ನೋಡಿದರು.

"ಹೊರಗ."

"ಕಾಕಾ, ಅಂಚು ಮುಟ್ಟಿದೆಯಲ್ಲ…"

"ಹೊರಗ ಅಂದ್ರ ಹೊರಗ."

ಮುಂದಿನ ಶನಿವಾರ ನನ್ನ ಮನೆಯ ಮುಂದೆಯೇ ಪಿಕಪ್ ಹತ್ತಿ ಒಬ್ಬರೇ ಹೊರಟರು. ಮನಸ್ಸು ಬದಲಿಸಿಯಾರೆಂದು ನಾನು ಡಬ್ಬಿಯಲ್ಲಿ ಚಪಾತಿ ಕಟ್ಟಿಸಿಕೊಂಡು ಡ್ರೈವ್‌ವೇನಲ್ಲಿ ನಿಂತಿದ್ದೆ. ಕಿಟಕಿಯಿಂದ ಕೈ ಚಾಚಿ ಡಬ್ಬಿಯನ್ನು ಮಾತ್ರ ತೆಗೆದುಕೊಂಡು ಹೋದರು.

ಆ ವರ್ಷವಿಡೀ ನಾನು ದಿನಕ್ಕೆ ನಲವತ್ತು ಬಾಣ ಬಿಟ್ಟೆ. ಮಳೆಯಿದ್ದರೆ ಗರಾಜಿನಲ್ಲಿ. ಮುಂದಿನ ಬೇಸಿಗೆ ಮೂರೂ ಒಳಗೆ ಬಿದ್ದವು. ಕಾಕಾ ಬೆನ್ನು ತಟ್ಟಿ, "ಈಗ ಕೈ ಆತು" ಎಂದರು. ನಂತರ ತಮ್ಮ ಬಿಲ್ಲು ಎತ್ತಿಕೊಂಡರು.

ಅಷ್ಟರಲ್ಲಿ ಅವರ ಕಣ್ಣು ಮಸುಕಾಗಿತ್ತು. ಡಾಕ್ಟರು ಆ ವಾರವಷ್ಟೇ ದಪ್ಪ ಚೌಕಟ್ಟಿನ ಹೊಸ ಕನ್ನಡಕ ಕೊಟ್ಟಿದ್ದರು. ಅದನ್ನು ಹಾಕಿಕೊಂಡರೂ ಪ್ಲೇಟಿನ ಬಿಳುಪಷ್ಟೇ ಕಾಣುತ್ತಿತ್ತು, ಅಷ್ಟು ದೂರದಲ್ಲಿ ಬಾಣದ ಕಡ್ಡಿ ಕಾಣುತ್ತಿರಲಿಲ್ಲ. ಹೆದೆ ಎಳೆದಾಗ ಅದು ಕನ್ನಡಕದ ಚೌಕಟ್ಟಿಗೆ ತಗಲುತ್ತಿತ್ತು. ತಗಲದಿರಲೆಂದು ತಲೆಯನ್ನು ತುಸು ಹೊರಳಿಸಿಕೊಂಡರು. ಮೂರು ಸಲವೂ ಅಷ್ಟೇ ಹೊರಳಿಸಿದರು. ಅವರ ತೋಳು ಕಲ್ಲಿನಂತಿತ್ತು.

ಎಣಿಸುವ ಸರದಿ ನನ್ನದು. ನಾನು ನಡೆದು ಹೋದೆ. ಮೂರೂ ಬಾಣ ಪ್ಲೇಟಿನ ಎಡಕ್ಕೆ, ಹೊರಗೆ ಬಿದ್ದಿದ್ದವು. ಆದರೆ ಮೂರೂ ಒಂದು ನಿಂಬೆಹಣ್ಣಿನಷ್ಟು ಜಾಗದಲ್ಲಿ ಒಂದಕ್ಕೊಂದು ಅಂಟಿ ನಿಂತಿದ್ದವು. ಇದರ ಅರ್ಥ ನನಗೆ ಕಲಿಸಿದವರೇ ಅವರು. ಬಾಣಗಳು ಚೆಲ್ಲಿ ಬಿದ್ದರೆ ಮನುಷ್ಯನ ತಪ್ಪು. ಕೂಡಿ ಬಿದ್ದರೆ ಮನುಷ್ಯ ಸರಿ, ಪಿನ್ನು ಮಾತ್ರ ಸರಿಸಬೇಕು. ಹಾಗೆ ಸರಿಸಿ ಮತ್ತೆ ಮೂರು ಬಿಡಲು ಅವರ ನಿಯಮದಲ್ಲಿ ಅವಕಾಶವಿತ್ತು. ಐದು ನಿಮಿಷದ ಕೆಲಸ. ಪಿನ್ನಿನ ಸ್ಕ್ರೂ ತಿರುಗಿಸುವ ಅಲೆನ್ ಕೀ ನನ್ನ ಜೇಬಿನಲ್ಲೇ ಇತ್ತು.

"ಹೆಂಗ ಬಿದ್ದಾವೋ ತಮ್ಮಾ?" ಕಾಕಾ ಅಲ್ಲಿಂದ ಕೂಗಿದರು.

"ಮೂರೂ ಹೊರಗೆ, ಕಾಕಾ."

ಮತ್ತೆ ಕೇಳಿದರು. "ಕೂಡಿ ಬಿದ್ದಾವೋ, ಚೆಲ್ಯಾವೋ?"

ನಾನು ಆ ಮೂರು ಬಾಣಗಳನ್ನು ನೋಡಿದೆ. ಮೈಸೂರ್ ಪಾಕಿನ ನೆನಪಾಯಿತು, ಡ್ರೈವ್‌ವೇನಲ್ಲಿ ನನ್ನ ಕೈಯಿಂದ ಹೋದ ಡಬ್ಬಿಯ ನೆನಪಾಯಿತು… ಬೇರೇನೂ ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅವರು ಕಲಿಸಿದ್ದೂ ನೆನಪಾಯಿತು.

"ಚೆಲ್ಲಿವೆ" ಎಂದೆ.

ಅವರು ಹತ್ತಿರ ಬರುವ ಮುಂಚೆ ಒಂದೊಂದಾಗಿ ಕಿತ್ತುಬಿಟ್ಟೆ. ಕಾಕಾ ಬಂದು ಹುಲ್ಲಿನ ಪಿಂಡಿಯನ್ನು ಅಂಗೈಯಿಂದ ಸವರಿದರು. ಸಾವಿರ ತೂತುಗಳ ಪಿಂಡಿ ಅದು, ಏನೂ ತಿಳಿಯುವಂತಿರಲಿಲ್ಲ. ಬಲಗೈಯನ್ನು ಮುಖದ ಮುಂದೆ ಹಿಡಿದು ಬಹಳ ಹೊತ್ತು ನೋಡಿದರು. ನಂತರ ಬಿಲ್ಲನ್ನು ನನ್ನ ಕಡೆ ಚಾಚಿದರು.

"ತಗೋ. ನೀ ಇದ್ದದ್ದು ಇದ್ದಂಗ ಹೇಳಾಂವ. ಬ್ಯಾರೆಯವ್ರಾಗಿದ್ರ ಮುದುಕ ಅಂತ ಒಳಗ ಅಂತಿದ್ರು."

ತೆಗೆದುಕೊಂಡೆ.

ಆ ವರ್ಷ ಗಿಲ್‌ರಾಯ್ ಗುಡ್ಡಕ್ಕೆ ಒಬ್ಬನೇ ಹೋದೆ. ಒಂದೇ ಬಾಣಕ್ಕೆ ಜಿಂಕೆ ಬಿತ್ತು. ಮಾಂಸದ ಅರ್ಧವನ್ನು ಕಾಕಾನ ಮನೆಗೆ ಕೊಟ್ಟೆ. ಕಾಕಾನ ಹೆಂಡತಿ ಕಾಕು ಖಾರವಾಗಿ ಸಾರು ಮಾಡಿ ನನ್ನನ್ನೂ ಊಟಕ್ಕೆ ಕರೆದರು. ಕಾಕಾ ನನ್ನ ತಟ್ಟೆಗೆ ಮತ್ತೆ ಮತ್ತೆ ಬಡಿಸಲು ಹೇಳಿದರು. ಅವರು ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುವುದನ್ನು ಅಂದು ಮೊದಲ ಸಲ ಕಂಡೆ. ಮುಂದೆ ಪಿಕಪ್ ಓಡಿಸುವುದನ್ನು ಬಿಟ್ಟರು. ಕೈ ನಂಬಂಗಿಲ್ಲ ಎಂದರು. ಕಾರ್ಖಾನೆಯ ಕೆಲಸವನ್ನೂ ನಿವೃತ್ತಿಗೆ ಎರಡು ವರ್ಷ ಮೊದಲೇ ಬಿಟ್ಟರು. ಅವರು ತೀರಿಹೋಗಿ ಈಗ ಬಹಳ ವರ್ಷಗಳಾದವು.

ಮೇಣದ ಕಡ್ಡಿ ಸಿಕ್ಕ ಆ ಭಾನುವಾರ ಸಂಜೆ ಅವರ ಮಗಳಿಗೆ ಫೋನ್ ಮಾಡಿದೆ. ಇಲ್ಲೇ ಹುಟ್ಟಿ ಬೆಳೆದವಳು, ಈಗ ಅವಳಿಗೂ ಐವತ್ತರ ಹತ್ತಿರ. ನಿಜ ಹೇಳಿಬಿಡಬೇಕೆಂದೇ ಮಾಡಿದ್ದೆ. ಅಪ್ಪನ ಮಾತು ತೆಗೆದೆ.

"ಅಂಕಲ್, ಡ್ಯಾಡಿ ಕೈ ಯಾವಾಗ ಹೋಯ್ತು? ಡಾಕ್ಟರ್ಸ್ ನೆವರ್ ಫೌಂಡ್ ಎನಿಥಿಂಗ್. ಡ್ಯಾಡಿ ಮಾತ್ರ ಹೇಳೋರು, ಶೇಕ್ ಆಗ್ತಿದೆ, ಅವನೇ ನೋಡಿದಾನೆ ಅಂತ. ಯೂ ಸಾ ಇಟ್, ರೈಟ್?"

ಗಡಿಯಾರದಲ್ಲಿ ಆರು ಗಂಟೆ ಹತ್ತು ನಿಮಿಷವಾಗಿತ್ತು.

"ಹೌದಮ್ಮ," ಎಂದೆ, "ನೋಡಿದ್ದೆ. ವಯಸ್ಸಾಗಿತ್ತಲ್ಲ."

"ಥ್ಯಾಂಕ್ಯೂ ಅಂಕಲ್" ಎಂದು ಫೋನ್ ಇಟ್ಟಳು.

ಕಾಕಾನ ಕೈ ಎಂದೂ ನಡುಗಿರಲಿಲ್ಲ. ಅದನ್ನು ಇಲ್ಲಿ ಬರೆದಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ.